ಹೊಲಿಗೆ ಬಿಚ್ಚಿದ ಮೇಲೆ

ಮನೆಯಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಆಗಿದೆ ಎಂದರೆ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ ‘ಹೊಲಿಗೆ ಬಿಚ್ಚಿದರೇ?’ ಎಂಬುದು. ಬಿಚ್ಚಿದರು ಎಂದರೆ ಎಲ್ಲರಿಗೂ ಸಮಾಧಾನ. ತಂದ ಮೂಸಂಬಿಯನ್ನು ಪಕ್ಕದಲ್ಲಿಟ್ಟು, ‘ಇನ್ನೇನು, ಗೆದ್ದ ಹಾಗೇ’ ಎಂದು ಹೇಳಿ ಬಸ್ಸು ಹಿಡಿಯುತ್ತಾರೆ. ಹರ್ನಿಯಾಕ್ಕೋ ಅಪೆಂಡಿಸೈಟಿಸ್ಸಿಗೋ ಆದ ಆಪರೇಷನ್ನಿಗೆ ಆ ಮಾತು ಒಪ್ಪುತ್ತದೆ. ಆದರೆ ಗರ್ಭಕೋಶದ, ಗರ್ಭಕಂಠದ ಅಥವಾ ಅಂಡಾಶಯದ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡ ಹೆಂಗಸಿಗೆ ಹೊಲಿಗೆ ಬಿಚ್ಚಿದ ದಿನದಿಂದ ಬೇರೊಂದು ಲೆಕ್ಕ ಶುರುವಾಗುತ್ತದೆ. ಆ ಲೆಕ್ಕ ಕೇಸ್‌ಶೀಟಿನಲ್ಲಿ ಬರುವುದಿಲ್ಲ. ನೋಡಲು ಬಂದವರು ಕೇಳುವುದಿಲ್ಲ. ಆಕೆಯಾಗಿ ಹೇಳುವುದಂತೂ ಇಲ್ಲವೇ ಇಲ್ಲ.

ಅದನ್ನು ಕೇಳಿ ತಿಳಿಯುವ ಕೆಲಸ ಹೆಚ್ಚಿನ ಆಸ್ಪತ್ರೆಗಳಲ್ಲಿ ಒಬ್ಬರಿಗೇ ಸಾಧ್ಯ. ದಿನಕ್ಕೆ ನಾಲ್ಕು ಬಾರಿ ಹಾಸಿಗೆಯ ಬಳಿ ಬಂದು, ಬಟ್ಟೆ ಸರಿಸಿ, ಗಾಯ ನೋಡಿ, ಮೂತ್ರದ ಚೀಲ ಖಾಲಿ ಮಾಡುವ ನರ್ಸಿಗೆ. ಆದರೆ ‘ಒಳ್ಳೆಯ ಸಿಸ್ಟರ್, ನಗುನಗುತ್ತಾ ಮಾತಾಡಿಸುತ್ತಾರೆ’ ಎಂದು ರೋಗಿಗಳು ಹೊಗಳುವಾಗ ಅದನ್ನು ಆಕೆಯ ಸ್ವಭಾವದ ಗುಣವೆಂದು ತಿಳಿಯುವುದೇ ಹೆಚ್ಚು. ಇಂಜೆಕ್ಷನ್ ಕೊಡುವುದನ್ನು ಕಲಿಯುವಂತೆ ಮಾತಾಡಿಸುವುದನ್ನೂ ಕಲಿಯಬೇಕಾಗುತ್ತದೆ, ಅದಕ್ಕೂ ಪಾಠವಿದೆ, ತಪ್ಪು ಒಪ್ಪು ಇದೆ ಎಂಬುದು ಮಕ್ಕಳನ್ನು ನರ್ಸಿಂಗಿಗೆ ಸೇರಿಸುವ ತಂದೆ ತಾಯಿಗಳಿಗೂ ಗೊತ್ತಿರುವುದು ಕಡಿಮೆ.

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಗರ್ಭಕಂಠದ, ಎಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಬಂತು. ಸುಮಾರು 80 ಸಾವಿರ ಮಂದಿ ಅದರಿಂದ ತೀರಿಕೊಂಡರು. ಅಂಡಾಶಯದ ಕ್ಯಾನ್ಸರ್ ಬಂದವರು ಇನ್ನೂ 47 ಸಾವಿರ. ಗರ್ಭಕಂಠದ ಕ್ಯಾನ್ಸರ್ ತಡವಾಗಿ ತಿಳಿದವರಿಗೆ ರೇಡಿಯೇಷನ್ನು ಮತ್ತು ಔಷಧಿಗಳೇ ಮುಖ್ಯ ಚಿಕಿತ್ಸೆ. ಬೇಗ ತಿಳಿದವರಿಗೆ ಶಸ್ತ್ರಕ್ರಿಯೆ. ಎಂದರೆ ಆಪರೇಷನ್ ಟೇಬಲ್ಲಿನ ತನಕ ಬಂದವಳು ಒಂದು ರೀತಿಯಲ್ಲಿ ಅದೃಷ್ಟವಂತೆ. ಮುಂದೆ ಬಹಳ ವರ್ಷ ಬದುಕುವ ಸಾಧ್ಯತೆ ಇರುವವಳು. ಹೇಗೆ ಬದುಕುತ್ತಾಳೆ ಎಂಬ ಪ್ರಶ್ನೆಗೆ ಮಹತ್ವ ಬರುವುದು ಅದರಿಂದಲೇ.

ಆ ಶಸ್ತ್ರಕ್ರಿಯೆ ಸಣ್ಣದಲ್ಲ. ವಿಯೆನ್ನಾದ ಅರ್ನ್ಸ್ಟ್ ವರ್ಟ್‌ಹೈಮ್ ಎಂಬ ವೈದ್ಯ 1898ರಲ್ಲಿ ಇದನ್ನು ಮೊದಲು ಮಾಡಿದ. ಮೊದಮೊದಲು ಮೇಜಿನ ಮೇಲೆಯೋ ಅನಂತರ ಕೆಲವು ದಿನಗಳಲ್ಲೋ ಸಾಯುತ್ತಿದ್ದವರೇ ಬಹಳ. ಇಂದು ಆ ಭಯವಿಲ್ಲದಷ್ಟು ಅದು ಪಳಗಿದೆ. ಸಾಧಾರಣವಾಗಿ ‘ಗರ್ಭಕೋಶ ತೆಗೆಸಿದರು’ ಎನ್ನುವ ಆಪರೇಷನ್ನಿಗಿಂತ ಇದು ದೊಡ್ಡದು. ಗರ್ಭಕೋಶದ ಜೊತೆಗೆ ಅದರ ಅಕ್ಕಪಕ್ಕದ ಕಟ್ಟುಗಳು, ಯೋನಿಯ ಮೇಲುಭಾಗ, ಸೊಂಟದೊಳಗಿನ ದುಗ್ಧಗ್ರಂಥಿಗಳು ಎಲ್ಲವನ್ನೂ ತೆಗೆಯಬೇಕಾಗುತ್ತದೆ. ವಯಸ್ಸು ಮತ್ತು ರೋಗದ ರೀತಿ ನೋಡಿ ಅಂಡಾಶಯಗಳನ್ನು ಉಳಿಸುವುದೂ ಉಂಟು, ತೆಗೆಯುವುದೂ ಉಂಟು.

ಮೂತ್ರಕೋಶಕ್ಕೆ ಹೋಗುವ ನರಗಳು ಇದೇ ದಾರಿಯಲ್ಲಿ ಹಾದುಹೋಗುತ್ತವೆ. ಆಪರೇಷನ್ನಿನಲ್ಲಿ ಅವುಗಳಿಗೆ ಪೆಟ್ಟು ಬೀಳುವುದರಿಂದ ಕೆಲವು ದಿನ ಮೂತ್ರ ತುಂಬಿದ್ದೇ ತಿಳಿಯುವುದಿಲ್ಲ. ಹೊರಗೆ ಬರುವುದೂ ಇಲ್ಲ. ವಾರ, ಎರಡು ವಾರ ನಳಿಕೆ ಇರುತ್ತದೆ. ತೆಗೆದ ಮೇಲೆ, ಹೋದ ನಂತರ ಒಳಗೆ ಎಷ್ಟು ಉಳಿಯಿತು ಎಂದು ನರ್ಸ್ ಅಳೆಯುತ್ತಾರೆ. ಸಾಮಾನ್ಯವಾಗಿ 100 ಮಿಲಿಲೀಟರಿಗಿಂತ ಕಡಿಮೆಯಾದರೆ ಸರಿ. ಕೆಲವರಿಗೆ ಆ ನಳಿಕೆಯೊಡನೆಯೇ ಊರಿಗೆ ಹೋಗಬೇಕಾಗುತ್ತದೆ. ಸೀರೆಯ ನೆರಿಗೆಯಲ್ಲಿ ಆ ಚೀಲವನ್ನು ಮರೆಮಾಡಿಕೊಂಡು ಬಸ್ಸಿನಲ್ಲಿ ನಾಲ್ಕು ಗಂಟೆ ಕೂರುವ ಹೆಂಗಸಿನ ಸಂಕೋಚ ಎಷ್ಟೆಂಬುದು ಅಂಥ ಪ್ರಯಾಣ ಮಾಡಿದವರಿಗೇ ಗೊತ್ತು.

ಅಂಡಾಶಯಗಳನ್ನು ತೆಗೆದಿದ್ದರೆ ಮುಟ್ಟು ನಿಲ್ಲುವ ಕಾಲ ಒಂದೇ ದಿನದಲ್ಲಿ ಬಂದುಬಿಡುತ್ತದೆ. ಉಳಿದ ಹೆಂಗಸರಿಗೆ ನಿಧಾನವಾಗಿ, ವರ್ಷಗಟ್ಟಲೆ ಆಗುವ ಬದಲಾವಣೆ ಈಕೆಗೆ ರಾತ್ರಿ ಬೆಳಗಾಗುವುದರಲ್ಲಿ ಆಗುತ್ತದೆ. ಮುಖಕ್ಕೆ ಕಾವು ಏರುವುದು, ಬೆವರಿ ಎಚ್ಚರವಾಗುವುದು, ಸಣ್ಣದಕ್ಕೆ ಕಣ್ಣೀರು, ಸಣ್ಣದಕ್ಕೆ ಸಿಡುಕು. ಮನೆಯವರು ಇದನ್ನು ‘ತಲೆಗೆ ಹಚ್ಚಿಕೊಂಡಿದ್ದಾಳೆ’ ಎನ್ನುತ್ತಾರೆ. ಆಕೆಗೂ ತನಗೆ ಹುಚ್ಚು ಹಿಡಿಯುತ್ತಿದೆಯೇನೋ ಎಂಬ ಅನುಮಾನ. ಇದು ದೇಹದ ರಸದ ಏರುಪೇರು, ಅದಕ್ಕೆ ಉಪಾಯಗಳಿವೆ ಎಂದು ಯಾರಾದರೂ ಆಪರೇಷನ್ನಿಗೆ ಮುಂಚೆ ಹತ್ತು ನಿಮಿಷ ಹೇಳಿದ್ದರೆ ಅರ್ಧ ದಿಗಿಲು ಹುಟ್ಟುತ್ತಲೇ ಇರಲಿಲ್ಲ. ಮನಸ್ಸಿನ ಶುಶ್ರೂಷೆ ಎಂದರೆ ದೊಡ್ಡ ದೊಡ್ಡ ಮಾತೇ ಆಗಬೇಕಿಲ್ಲ. ಏನಾಗಲಿದೆ ಎಂಬುದನ್ನು ಮುಂದಾಗಿ, ಸರಿಯಾಗಿ ತಿಳಿಸುವುದು ಅದರ ಮೊದಲನೆಯ ಪಾಠ.

ಎರಡನೆಯ ಪಾಠ ಕಷ್ಟದ್ದು. ಅದು ಕೇಳಿಸಿಕೊಳ್ಳುವುದು. ಒಂದು ವಾರ್ಡನ್ನು ಕಲ್ಪಿಸಿಕೊಳ್ಳಬಹುದು. ಆಪರೇಷನ್ ಆಗಿ ಆರನೆಯ ದಿನ. ಮಂಡ್ಯದ ಕಡೆಯ, ನಲವತ್ತು ದಾಟಿದ ಹೆಂಗಸು. ಜ್ವರವಿಲ್ಲ, ಗಾಯ ಒಣಗಿದೆ, ಬಿ.ಪಿ. ಸರಿಯಿದೆ. ರೌಂಡ್ಸಿಗೆ ಬಂದ ಡಾಕ್ಟರು ‘ಚೆನ್ನಾಗಿದ್ದೀರಲ್ಲಮ್ಮ’ ಎಂದು ಮುಂದೆ ಹೋದರು. ಮಧ್ಯಾಹ್ನ ನರ್ಸ್ ಬಂದಾಗ ತಟ್ಟೆಯಲ್ಲಿ ಅನ್ನ ಹಾಗೇ ಇದೆ.

‘ಊಟ ಆಯ್ತೇನಮ್ಮ?’

‘ಆಯ್ತು ಸಿಸ್ಟರ್.’

‘ಮುದ್ದೆ ಇಲ್ದೆ ಸೇರ್ತಾ ಇಲ್ವೇನೋ?’

‘ಹಂಗೇನಿಲ್ಲ. ಯಾಕೋ ಬೇಡ ಅನ್ಸುತ್ತೆ.’

‘ಮನೆಯವರು ಬಂದಿದ್ರಾ ಬೆಳಿಗ್ಗೆ?’

‘ಬಂದಿದ್ರು. ಬಾಗಿಲಲ್ಲೇ ನಿಂತಿದ್ದು ಹೋದ್ರು.’

‘ಬಾಗಿಲಲ್ಲೇ ನಿಂತಿದ್ರಾ?’

ಇಲ್ಲಿ ನರ್ಸ್ ಮಾಡಿದ್ದು ಇಷ್ಟೇ. ಆಕೆ ಕೊನೆಯಲ್ಲಿ ಆಡಿದ ಮಾತನ್ನೇ ತಿರುಗಿ ಆಡಿ, ಸುಮ್ಮನಾದರು. ಕೈಯಲ್ಲಿ ಹತ್ತಿ ಬಟ್ಟಲು ಇದ್ದರೂ ಹೊರಡಲಿಲ್ಲ. ಆ ಸುಮ್ಮನಿರುವಿಕೆಯಲ್ಲಿ ಅರ್ಧ ನಿಮಿಷ ಕಳೆದ ಮೇಲೆ ಮಾತು ಬಂತು. ‘ನನ್ನಿಂದ ಅವರಿಗೂ ಬಂದ್ಬಿಡುತ್ತೆ ಅಂತ ಯಾರೋ ಹೇಳಿದ್ದಾರೆ ಸಿಸ್ಟರ್. ಮನೇಲಿ ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರಂತೆ.’

ಇಂಥ ಹೊತ್ತಿನಲ್ಲಿ ಯಾರಿಗಾದರೂ ಬಾಯಿಗೆ ಬರುವ ಉತ್ತರ ‘ಅಯ್ಯೋ, ಅದೆಲ್ಲಾ ಏನೂ ಇಲ್ಲ, ಧೈರ್ಯವಾಗಿರಿ’ ಎಂಬುದು. ಹೇಳಿದವರಿಗೆ ಹೇಳಿದ ತೃಪ್ತಿ. ಕೇಳಿದವಳಿಗೆ ಮಾತು ಮುಗಿಯಿತೆಂಬ ಸೂಚನೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ನೋಡಲು ಬಂದವರು ರೋಗಿಗೆ ಉದುರಿಸುವ ಪೊಳ್ಳು ಭರವಸೆ, ಬಿಟ್ಟಿ ಸಲಹೆಗಳ ಮೇಲೆ ಆಕೆ ಕೋಪದಿಂದಲೇ ಬರೆದಿದ್ದಾಳೆ. ದೀಪ ಹಿಡಿದು ವಾರ್ಡು ಸುತ್ತಿದ ಮಹಾತಾಯಿ ಎಂದು ಶಾಲೆಯ ಪಾಠದಲ್ಲಿ ಓದಿದವರಿಗೆ ಈ ಕೋಪದ ನೈಟಿಂಗೇಲ್ ಅಪರಿಚಿತಳು. ನರ್ಸಿಂಗ್ ಎಂದರೆ ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಒಂದು ಸಾಧನ ಎಂಬುದನ್ನು ಶಾಸ್ತ್ರವಾಗಿ ಬರೆದಿಟ್ಟವಳು ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್, 1952ರಲ್ಲಿ. ಆಕೆ ಸ್ವತಃ ನರ್ಸ್.

ಮಂಡ್ಯದ ಆ ತಾಯಿಗೆ ಬೇಕಾದದ್ದು ಧೈರ್ಯದ ಮಾತಲ್ಲ, ಖಚಿತವಾದ ಮಾಹಿತಿ. ಅದೂ ಗಂಡನ ಎದುರಿಗೆ. ‘ನಾಳೆ ಅವರು ಬಂದಾಗ ನನ್ನ ಕರೀರಿ, ಇಬ್ಬರಿಗೂ ಕೂತು ಹೇಳ್ತೀನಿ’ ಎಂಬ ಒಂದು ಮಾತಿನಲ್ಲಿ ಆಗುವ ಕೆಲಸ ಹತ್ತು ಸಮಾಧಾನಗಳಲ್ಲಿ ಆಗುವುದಿಲ್ಲ. ಕ್ಯಾನ್ಸರ್ ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ದಾಂಪತ್ಯದಿಂದ, ಹೇಗೂ ಅದು ಒಬ್ಬರಿಂದ ಒಬ್ಬರಿಗೆ ದಾಟುವುದಿಲ್ಲ. ಆಪರೇಷನ್ ಆದ ಮೇಲೆ ‘ಕರೆಂಟು ಕೊಡಿಸುವುದು’ ಎಂದು ಜನ ಹೇಳುವ ರೇಡಿಯೇಷನ್ ಚಿಕಿತ್ಸೆಯೂ ಆದರೆ ಇನ್ನೊಂದು ಭಯ ಸೇರಿಕೊಳ್ಳುತ್ತದೆ: ಮೈಯಲ್ಲಿ ಕರೆಂಟಿದೆ, ಮೊಮ್ಮಗುವನ್ನು ಎತ್ತಿಕೊಳ್ಳಬಾರದು ಎಂದು. ಹೊರಗಿನಿಂದ ಯಂತ್ರ ಹಾಯಿಸುವ ಕಿರಣ, ಯಂತ್ರ ನಿಲ್ಲಿಸಿದೊಡನೆ ಮುಗಿಯಿತು. ಒಳಗಿಡುವ ಚಿಕಿತ್ಸೆಯಲ್ಲೂ ಕಿರಣದ ಮೂಲವನ್ನು ಹೊರಗೆ ತೆಗೆದೇ ಮನೆಗೆ ಕಳಿಸುವುದು. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹೊಟ್ಟೆಯ ಗಾಯ ಮಾಗುವವರೆಗೆ ಭಾರ ಎತ್ತುವಂತಿಲ್ಲ, ಅಷ್ಟೆ.

ಗರ್ಭಕಂಠದ ಕ್ಯಾನ್ಸರಿನ ವಿಷಯದಲ್ಲಿ ಮಾತ್ರ ನರ್ಸ್ ಬಹಳ ಎಚ್ಚರಿಕೆಯಿಂದ ಆಡಬೇಕಾದ ಒಂದು ಸತ್ಯವಿದೆ. ಈ ಕ್ಯಾನ್ಸರಿಗೆ ಮೂಲ ಎಚ್.ಪಿ.ವಿ. ಎಂಬ ವೈರಸ್. ಅದನ್ನು ತೋರಿಸಿಕೊಟ್ಟದ್ದಕ್ಕೆ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಆ ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ. ಇಷ್ಟು ಅರ್ಧ ತಿಳಿದವರು ಆಡುವ ಮಾತು ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ಹೆಂಡತಿಯ ಮೇಲೆ ಗಂಡನಿಗೆ ಅನುಮಾನ, ಗಂಡನ ಮೇಲೆ ಹೆಂಡತಿಗೆ ಅನುಮಾನ, ಇಬ್ಬರ ಮೇಲೂ ಅತ್ತೆಗೆ ಅನುಮಾನ. ಉಳಿದ ಅರ್ಧ ಹೀಗಿದೆ. ಮದುವೆಯಾದ ಗಂಡು ಹೆಣ್ಣುಗಳಲ್ಲಿ ಬಹುಪಾಲು ಜನರಿಗೆ ಜೀವಮಾನದಲ್ಲಿ ಎಂದಾದರೂ ಒಮ್ಮೆ ತಗಲಿ ಹೋಗುವಷ್ಟು ಸಾಮಾನ್ಯವಾದ ವೈರಸ್ ಅದು. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ಮೈಯೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಹತ್ತು ಹದಿನೈದು ವರ್ಷ ಮೆಲ್ಲಗೆ ಕೆಲಸ ಮಾಡಿ ಕ್ಯಾನ್ಸರ್ ಆಗುತ್ತದೆ. ಯಾರಿಂದ ಬಂತು, ಯಾವಾಗ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ನಡತೆಯ ಸರ್ಟಿಫಿಕೇಟಿಗೂ ಈ ರೋಗಕ್ಕೂ ಸಂಬಂಧವಿಲ್ಲ. ವೈರಸ್ಸಿನ ಮಾತನ್ನು ಮುಚ್ಚಿಟ್ಟರೆ ಮಗಳಿಗೆ ಲಸಿಕೆ ಹಾಕಿಸುವ ಬುದ್ಧಿ ಬರುವುದಿಲ್ಲ; ಒರಟಾಗಿ ಹೇಳಿದರೆ ಸಂಸಾರ ಒಡೆಯುತ್ತದೆ. ಪುಸ್ತಕ ಓದಿ ಮಾತ್ರ ಕಲಿಯಲಾಗದ ಜಾಗ ಇದು.

ಇನ್ನು ಗಂಡ ಹೆಂಡಿರ ವಿಷಯ. ಆರರಿಂದ ಎಂಟು ವಾರ, ವೈದ್ಯರು ಪರೀಕ್ಷಿಸಿ ಗಾಯ ಮಾಗಿದೆ ಎನ್ನುವ ತನಕ, ದೂರವಿರಿ ಎಂದು ಡಿಸ್ಚಾರ್ಜಿನ ಚೀಟಿಯಲ್ಲಿ ಬರೆದಿರುತ್ತದೆ. ಆ ಮೇಲೇನು ಎಂಬುದು ಬರೆದಿರುವುದಿಲ್ಲ. ಚೀಟಿ ಇಂಗ್ಲಿಷಿನಲ್ಲಿರುವುದರಿಂದ ಮೊದಲಿನದೂ ಎಷ್ಟೋ ಜನಕ್ಕೆ ಗೊತ್ತಾಗಿರುವುದಿಲ್ಲ. ಗರ್ಭಕೋಶವೇ ಹೋದ ಮೇಲೆ ತಾನು ಹೆಂಗಸೇ ಅಲ್ಲವೇನೋ ಎಂಬ ಕೊರಗು, ಒಳಗೆ ಚಿಕ್ಕದಾಗಿದೆ, ಒಣಗಿದೆ, ನೋವಾಗುತ್ತದೆ ಎಂಬ ಭಯ, ಗಂಡ ಬೇರೆ ಕಡೆ ಹೋದಾನೆಂಬ ಅಳುಕು. ಕೇಳಬೇಕೆಂದರೆ ಮಾತಿಲ್ಲ. ಕನ್ನಡದಲ್ಲಿ ಆ ಅಂಗಗಳಿಗೆ ಪಠ್ಯಪುಸ್ತಕದ ಶಬ್ದವಿದೆ, ಬೈಗುಳದ ಶಬ್ದವಿದೆ. ತಾಯಿ ಮಗಳು ನಾಚದೆ ಆಡಿಕೊಳ್ಳುವ ನಡುವಿನ ಶಬ್ದ ಸಿಕ್ಕುವುದು ಕಷ್ಟ. ‘ಕೆಳಗೆ’, ‘ಆ ಜಾಗ’, ‘ಅವರ ಜೊತೆ ಇರೋದು’, ಇಷ್ಟರಲ್ಲೇ ಎಲ್ಲವೂ ನಡೆಯಬೇಕು. ಜಾಣ ನರ್ಸ್ ರೋಗಿಯ ಮಾತನ್ನೇ ಎತ್ತಿಕೊಂಡು ಮುಂದುವರಿಸುತ್ತಾರೆ. ಕೇರಳದಿಂದ ಬಂದು ವಾರ್ಡಿನಲ್ಲೇ ಕನ್ನಡ ಕಲಿತ ಸಿಸ್ಟರುಗಳಲ್ಲಿ ಎಷ್ಟೋ ಮಂದಿ ಈ ಮಾತುಗಳನ್ನು ವ್ಯಾಕರಣಕ್ಕಿಂತ ಮೊದಲು ಕಲಿತವರು.

ಇದಕ್ಕೂ ಒಂದು ಕ್ರಮವಿದೆ. ಜಾಕ್ ಅನಾನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಹಾಕಿಕೊಟ್ಟ ನಾಲ್ಕು ಮೆಟ್ಟಿಲಿನ ಕ್ರಮವನ್ನು ನರ್ಸಿಂಗ್ ಪಾಠಗಳಲ್ಲಿ ಇಂದಿಗೂ ಹೇಳಿಕೊಡುತ್ತಾರೆ. ಮೊದಲನೆಯ ಮೆಟ್ಟಿಲು ಅನುಮತಿ. ‘ಈ ಆಪರೇಷನ್ ಆದವರಲ್ಲಿ ಬಹಳ ಜನ ಮನೆಯವರ ಜೊತೆ ಇರೋದರ ಬಗ್ಗೆ ಕೇಳ್ತಾರೆ. ನಿಮಗೂ ಏನಾದರೂ ಕೇಳಬೇಕು ಅನ್ಸಿದರೆ ಕೇಳಬಹುದು’ ಎಂದು ಬಾಗಿಲು ತೆರೆದಿಡುವುದು. ಅನಂತರ ಸ್ವಲ್ಪ ಮಾಹಿತಿ, ಆಮೇಲೆ ಆಕೆಯ ತೊಂದರೆಗೆ ತಕ್ಕ ಸಲಹೆ, ಕೊನೆಯದು ತಜ್ಞರ ಚಿಕಿತ್ಸೆ. ಹೆಚ್ಚಿನವರಿಗೆ ಮೊದಲ ಎರಡು ಮೆಟ್ಟಿಲೇ ಸಾಕಾಗುತ್ತದೆ. ನೋವು ತಡೆಯಲು ಲೇಪಗಳಿವೆ, ಉಪಾಯಗಳಿವೆ. ಅವಸರವಿಲ್ಲದೆ, ಇಬ್ಬರೂ ಮಾತಾಡಿಕೊಂಡರೆ ದಾಂಪತ್ಯ ಮತ್ತೆ ಕೂಡಿಬರುತ್ತದೆ.

ಆದರೆ ಇದನ್ನೆಲ್ಲ ಎಲ್ಲಿ ಕೂತು ಆಡುವುದು? ಸಾಲಾಗಿ ಹಾಸಿಗೆಗಳಿರುವ ದೊಡ್ಡ ವಾರ್ಡಿನಲ್ಲಿ, ಪಕ್ಕದ ಹಾಸಿಗೆಯವಳ ಮೈದುನ ಟಿಫನ್ ಕ್ಯಾರಿಯರ್ ಹಿಡಿದು ನಿಂತಿರುವಾಗ ಯಾವ ಹೆಂಗಸು ಬಾಯಿ ಬಿಡುತ್ತಾಳೆ? ಹೊಸ ಯಂತ್ರ ಬಂದರೆ ಆಸ್ಪತ್ರೆಗಳಲ್ಲಿ ಉದ್ಘಾಟನೆ ನಡೆಯುತ್ತದೆ. ಹಾಸಿಗೆ ಸುತ್ತ ಎಳೆಯುವ ಒಂದು ಬಟ್ಟೆ ಪರದೆಗೆ ಯಾರೂ ಟೇಪು ಕತ್ತರಿಸುವುದಿಲ್ಲ. ಈ ಕೆಲಸಕ್ಕೆ ಬೇಕಾದ ಮೊದಲ ಸಲಕರಣೆ ಆ ಪರದೆಯೇ. ಎರಡನೆಯದು ಸಮಯ. ಹತ್ತಾರು ಹಾಸಿಗೆಗಳಿಗೆ ಒಬ್ಬರೇ ನರ್ಸಿದ್ದರೆ ಯಾವ ಪಾಠ ಕಲಿತಿದ್ದರೂ ಮಾತಿಗೆ ಬಿಡುವಿಲ್ಲ. ಹಾಗಾಗಿಯೇ ಪಳಗಿದವರು ಡ್ರೆಸ್ಸಿಂಗ್ ಮಾಡುವ ಹತ್ತು ನಿಮಿಷವನ್ನೇ ಮಾತಿನ ಹೊತ್ತಾಗಿ ಮಾಡಿಕೊಳ್ಳುತ್ತಾರೆ. ಕೈ ಗಾಯದ ಮೇಲೆ, ಕಿವಿ ಆಕೆಯ ಕಡೆ.

ಇಷ್ಟಾದರೂ ರೋಗಿಗೆ ತನ್ನ ಕಾಯಿಲೆಯ ಹೆಸರೇ ಗೊತ್ತಿಲ್ಲದಿದ್ದರೆ? ಅದೂ ಉಂಟು. ‘ಅಮ್ಮನಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ, ಎದೆ ಒಡೆದುಕೊಂಡಾರು’ ಎಂದು ಮಗ ಕೈ ಮುಗಿಯುತ್ತಾನೆ. ಅದು ಪ್ರೀತಿಯೇ, ಸಂದೇಹವಿಲ್ಲ. ಭಾರತದಲ್ಲಿ ಮಾತ್ರ ಇರುವ ರೂಢಿಯೂ ಅಲ್ಲ. ಅರ್ಜೆಂಟೀನಾದ ಅಧ್ಯಕ್ಷನ ಪತ್ನಿ, ಇಡೀ ದೇಶವೇ ಆರಾಧಿಸುತ್ತಿದ್ದ ಎವಾ ಪೆರೋನಳಿಗೆ ಗರ್ಭಕಂಠದ ಕ್ಯಾನ್ಸರ್ ಬಂದಾಗ 1951ರ ನವೆಂಬರಿನಲ್ಲಿ ಶಸ್ತ್ರಕ್ರಿಯೆ ಮಾಡಿದವನು ಅಮೆರಿಕದಿಂದ ಬಂದ ಜಾರ್ಜ್ ಪ್ಯಾಕ್ ಎಂಬ ಸರ್ಜನ್. ಆಕೆಗೆ ಮತ್ತು ಬಂದ ಮೇಲೆ ಆತ ಆಪರೇಷನ್ ಕೋಣೆಗೆ ಬಂದ. ತನಗೆ ಯಾವ ಕಾಯಿಲೆ, ಕತ್ತರಿ ಹಿಡಿದವರು ಯಾರು ಎಂಬ ಎರಡನ್ನೂ ಆಕೆಗೆ ಹೇಳಲಿಲ್ಲ. 1952ರ ಜುಲೈ 26ರಂದು, 33ನೆಯ ವಯಸ್ಸಿಗೆ ಆಕೆ ತೀರಿಕೊಂಡಳು. ಅಷ್ಟು ದೊಡ್ಡವರ ಮನೆಯಲ್ಲೂ ಗುಟ್ಟು ಗುಟ್ಟಾಗಿಯೇ ಉಳಿಯಿತು.

ಗುಟ್ಟು ಮಾಡಿದ್ದರಿಂದ ರೋಗಿಗೆ ತಿಳಿಯುವುದಿಲ್ಲ ಎಂದೇನಲ್ಲ. ವಾರ್ಡಿನ ಬಾಗಿಲ ಮೇಲಿನ ಬೋರ್ಡು ಆಕೆಗೂ ಕಾಣುತ್ತದೆ. ಪಕ್ಕದ ಹಾಸಿಗೆಯವಳು ಹೇಳುತ್ತಾಳೆ. ಆಕೆಗೆ ಗೊತ್ತಿದೆ ಎಂಬುದು ಮಗನಿಗೆ ಗೊತ್ತಿಲ್ಲ; ಮಗ ಅತ್ತದ್ದು ಆಕೆಗೆ ಗೊತ್ತು; ಇಬ್ಬರೂ ಒಬ್ಬರ ಮುಂದೊಬ್ಬರು ನಗುತ್ತಾ ಕೂರುತ್ತಾರೆ. ಇದರಿಂದ ಆಗುವ ನಷ್ಟ ಬರೀ ಮನಸ್ಸಿನದಲ್ಲ. ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ, ಅನಂತರ ಆರು ತಿಂಗಳಿಗೊಮ್ಮೆ, ಹೀಗೆ ಐದು ವರ್ಷ ತಪಾಸಣೆಗೆ ಬರಬೇಕು. ಬರೀ ಗಡ್ಡೆ ತೆಗೆದರು, ಎಲ್ಲ ಮುಗಿಯಿತು ಎಂದು ನಂಬಿಸಿದವಳನ್ನು ಕಬ್ಬು ಕಡಿಯುವ ಕಾಲದಲ್ಲಿ ಬೆಂಗಳೂರಿಗೆ ಹೊರಡಿಸುವುದು ಹೇಗೆ? ಕಾಲು ಬಾತುಕೊಂಡರೆ, ಮತ್ತೆ ರಕ್ತ ಕಂಡರೆ ತಡಮಾಡಬಾರದೆಂಬ ತಿಳಿವಳಿಕೆ ಎಲ್ಲಿಂದ ಬರಬೇಕು?

ನರ್ಸ್ ಇಲ್ಲಿ ಮನೆಯವರ ಮಾತು ಮೀರಿ ಹೋಗಿ ಹೇಳುವುದಲ್ಲ. ಡಾಕ್ಟರಿಗೆ ತಿಳಿಸಿ, ಮಗನನ್ನು ಪಕ್ಕಕ್ಕೆ ಕರೆದು, ‘ಅಮ್ಮ ನನ್ನನ್ನ ಏನು ಕಾಯಿಲೆ ಅಂತ ಕೇಳಿದ್ರು. ಸುಳ್ಳು ಹೇಳೋಕೆ ನನಗಾಗಲ್ಲ. ನೀವೇ ಪಕ್ಕದಲ್ಲಿ ಕೂತ್ಕೊಳ್ಳಿ, ಡಾಕ್ಟರು ನಿಧಾನವಾಗಿ ಹೇಳ್ತಾರೆ’ ಎನ್ನುವುದು. ಎಷ್ಟು ತಿಳಿಯಬೇಕೆಂದು ಮೊದಲು ರೋಗಿಯನ್ನೇ ಕೇಳುವುದು. ಎಲ್ಲ ವಿವರ ಬೇಡ ಎನ್ನುವವರೂ ಇರುತ್ತಾರೆ, ಅದೂ ಅವರ ಹಕ್ಕು.

ಮಕ್ಕಳಿಂದ ಮುಚ್ಚಿಡುವುದು ಇದರ ಇನ್ನೊಂದು ಮುಖ. ಎಸ್ಸೆಸ್ಸೆಲ್ಸಿ ಅಥವಾ ಪಿ.ಯು.ಸಿ. ಪರೀಕ್ಷೆ ಮುಗಿಯಲಿ ಎಂದು ತಂದೆ ಸುಮ್ಮನಿರುತ್ತಾನೆ. ಹದಿನಾರು ವರ್ಷದ ಹುಡುಗಿಗೆ ಅಮ್ಮ ತಿಂಗಳುಗಟ್ಟಲೆ ಮನೆಯಲ್ಲಿಲ್ಲದಿರುವುದು, ತಾನು ಬಂದಾಗ ದೊಡ್ಡವರ ಮಾತು ನಿಲ್ಲುವುದು ಕಾಣಿಸದೇ? ಹೇಳದಿದ್ದರೆ ಆಕೆ ಊಹಿಸಿಕೊಳ್ಳುವುದು ನಿಜಕ್ಕಿಂತ ಘೋರವಾಗಿರುತ್ತದೆ. ಎಷ್ಟು ಹೇಳಬೇಕೆಂಬುದು ವಯಸ್ಸಿಗೆ ಬಿಟ್ಟದ್ದು. ಕಾಯಿಲೆಯ ಹೆಸರು, ಏನು ಚಿಕಿತ್ಸೆ, ಅಮ್ಮ ಯಾವಾಗ ಬರುತ್ತಾಳೆ, ಇದು ಯಾರ ತಪ್ಪಿನಿಂದಲೂ ಬಂದದ್ದಲ್ಲ ಎಂಬಷ್ಟಂತೂ ಪ್ರೌಢಶಾಲೆಯ ಮಕ್ಕಳಿಗೆ ತಿಳಿದಿರಬೇಕು. ಹಿರಿಯ ಮಗಳು ಅಡುಗೆ ಮನೆ ಹೊತ್ತುಕೊಂಡು ಕಾಲೇಜು ಬಿಡುವುದು ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ನಡೆದುಹೋಗುತ್ತದೆ. ‘ಮನೇಲಿ ಅಡುಗೆ ಯಾರಮ್ಮ ಮಾಡ್ತಿದ್ದಾರೆ?’ ಎಂದು ನರ್ಸ್ ಕೇಳುವ ಪ್ರಶ್ನೆ ಕುಶಲಪ್ರಶ್ನೆಯಂತೆ ಕಂಡರೂ ಅದರ ಹಿಂದೆ ಈ ಲೆಕ್ಕವಿದೆ. ಗಂಡುಮಗನಿಗೂ ಅನ್ನಕ್ಕಿಡಲು ಬರುತ್ತದೆ ಎಂಬುದನ್ನು ಕೆಲವು ಮನೆಗಳು ಪತ್ತೆಹಚ್ಚುವುದು ಇಂಥ ಹೊತ್ತಿನಲ್ಲೇ.

‘ನನಗೂ ಬರುತ್ತಾ?’ ಎಂದು ಮಗಳು ಕೇಳಿದರೆ ಉತ್ತರವಿದೆ. ಗರ್ಭಕಂಠದ ಕ್ಯಾನ್ಸರ್ ಸಾಮಾನ್ಯವಾಗಿ ವಂಶದಲ್ಲಿ ಇಳಿದು ಬರುವಂಥದ್ದಲ್ಲ, ಅದಕ್ಕೆ ಲಸಿಕೆಯಿದೆ. 9ರಿಂದ 14 ವರ್ಷದೊಳಗೆ ಕೊಟ್ಟರೆ ಹೆಚ್ಚು ಫಲ. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ಸ್ವದೇಶಿ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅಂಡಾಶಯದ್ದಾದರೆ ಕೆಲವು ಮನೆತನಗಳಲ್ಲಿ ವಂಶವಾಹಿಯ ದೋಷವಿರಬಹುದು, ವೈದ್ಯರನ್ನು ಕೇಳಬೇಕು.

ಎಲ್ಲ ದುಃಖವೂ ಮಾತಿಗೆ ಕರಗುವುದಿಲ್ಲ. ಯಾರ ದುಃಖ ಯಾವ ಮಟ್ಟದ್ದು ಎಂದು ಗುರುತಿಸಲು ಅಮೆರಿಕದಲ್ಲಿ ಜಿಮ್ಮಿ ಹಾಲೆಂಡ್ ಎಂಬ ಮನೋವೈದ್ಯೆ ಮತ್ತು ಆಕೆಯ ಜೊತೆಯವರು 1990ರ ದಶಕದಲ್ಲಿ ಒಂದು ಸರಳ ಉಪಾಯ ಬಳಕೆಗೆ ತಂದರು. ಜ್ವರದ ಕಡ್ಡಿಯ ಚಿತ್ರ. ಸೊನ್ನೆಯಿಂದ ಹತ್ತರವರೆಗೆ ಗುರುತು. ಈ ವಾರ ನಿಮ್ಮ ಸಂಕಟ ಎಷ್ಟಿತ್ತು, ಬೆರಳಿಟ್ಟು ತೋರಿಸಿ ಎಂದು ಕೇಳುವುದು. ನಾಲ್ಕೋ ಅದಕ್ಕಿಂತ ಮೇಲೋ ಆದರೆ ಇನ್ನಷ್ಟು ವಿಚಾರಿಸಬೇಕು. ಅಂಕಿ ಒಗ್ಗದ ಅಜ್ಜಿಗೆ ‘ರೂಪಾಯಿಗೆ ಎಷ್ಟಾಣೆ?’ ಎಂದು ಕೇಳಿದರೂ ಕೆಲಸ ನಡೆಯುತ್ತದೆ. ಎರಡು ವಾರಕ್ಕೂ ಮೀರಿ ನಿದ್ದೆ ಊಟ ಬಿಟ್ಟು, ಯಾವುದರಲ್ಲೂ ಆಸೆಯಿಲ್ಲದೆ, ‘ನಾನಿದ್ದು ಯಾರಿಗೇನು’ ಎಂಬ ಮಾತು ಬರತೊಡಗಿದರೆ ಅದು ಖಿನ್ನತೆಯ ಕಾಯಿಲೆಯಿರಬಹುದು. ‘ಸಾಯಬೇಕು ಅನ್ನಿಸುತ್ತಾ?’ ಎಂದು ನೇರವಾಗಿ ಕೇಳಲು ಹೆದರಬೇಕಿಲ್ಲ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಂಥವರಿಗೆ ಮನೋವೈದ್ಯರ ಔಷಧಿ ಬೇಕು, ಅದರಿಂದ ಗುಣವೂ ಆಗುತ್ತದೆ.

ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೂ 1974ರಲ್ಲಿ ಈಗಿನ ರೂಪ ಪಡೆದ ನಿಮ್ಹಾನ್ಸಿಗೂ ಇರುವುದು ಕೂಗಳತೆಯ ದೂರ. ಕ್ಯಾನ್ಸರ್ ರೋಗಿಗಳ ಮನಸ್ಸಿನ ಬಗ್ಗೆ ಈ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಕೆಲವು ಈ ನೆರೆಹೊರೆಯಿಂದಲೇ ಬಂದವು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆಯಿದೆ. ಅಷ್ಟು ದೂರ ಹೋಗಲಾಗದವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಈ ಕೆಲಸ ಕಲಿಯಬೇಕೆನ್ನುವ ಹುಡುಗ ಹುಡುಗಿಯರಿಗೆ ದಾರಿ ಇದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್. ಮೂರು ವರ್ಷದ ಜನರಲ್ ನರ್ಸಿಂಗ್ ಡಿಪ್ಲೊಮಾಕ್ಕೆ ಬೇರೆ ವಿಭಾಗದವರಿಗೂ ಅವಕಾಶವಿದೆ. ಅದಾದ ಮೇಲೆ ಕ್ಯಾನ್ಸರ್ ಶುಶ್ರೂಷೆಯಲ್ಲಿ ಒಂದು ವರ್ಷದ ಡಿಪ್ಲೊಮಾ, ಮನೋರೋಗ ಶುಶ್ರೂಷೆಯಲ್ಲಿ ಎಂ.ಎಸ್‌ಸಿ. ಸೇರುವ ಮುಂಚೆ ಕಾಲೇಜಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮತ್ತು ರಾಜ್ಯ ಪರಿಷತ್ತಿನ ಮನ್ನಣೆ ಇದೆಯೇ ಎಂದು ತಂದೆ ತಾಯಿ ವಿಚಾರಿಸುವುದು ಒಳ್ಳೆಯದು. ಅದರ ಜೊತೆಗೆ, ಮಕ್ಕಳನ್ನು ಯಾವ ವಾರ್ಡಿಗೆ ತರಬೇತಿಗೆ ಕಳಿಸುತ್ತಾರೆ ಎಂದೂ ಕೇಳಬೇಕು. ಕಟ್ಟಡ ದೊಡ್ಡದಿದ್ದು ಆಸ್ಪತ್ರೆಯೇ ಇಲ್ಲದ ಕಾಲೇಜಿನಲ್ಲಿ ಮಾತು ಕಲಿಯಲು ರೋಗಿ ಎಲ್ಲಿ ಸಿಗುತ್ತಾನೆ?

ಮನೋರೋಗ ಶುಶ್ರೂಷೆಯ ತರಬೇತಿಯಲ್ಲಿ ವಿದ್ಯಾರ್ಥಿಗಳು ಒಂದು ದಾಖಲೆ ಬರೆಯಬೇಕಾಗುತ್ತದೆ. ಪ್ರೊಸೆಸ್ ರೆಕಾರ್ಡಿಂಗ್ ಎಂದು ಅದರ ಹೆಸರು. ರೋಗಿ ಏನೆಂದರು, ತಾನೇನೆಂದೆ, ಆಗ ಅವರ ಮುಖ ಹೇಗಿತ್ತು, ತನಗೇನನ್ನಿಸಿತು, ಎಲ್ಲವನ್ನೂ ಮಾತಿಗೆ ಮಾತು ಬರೆದು ಒಪ್ಪಿಸಬೇಕು. ಟೀಚರು ಅದನ್ನು ಗಣಿತದ ಉತ್ತರಪತ್ರಿಕೆಯಂತೆ ತಿದ್ದುತ್ತಾರೆ. ರೋಗಿ ಅತ್ತಾಗ ಮಾತು ಬದಲಿಸಿದ ಜಾಗ, ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದ ಜಾಗ, ‘ಚಿಂತೆ ಮಾಡಬೇಡಿ’ ಎಂದು ಬರೆದ ಜಾಗ, ಎಲ್ಲದರ ಕೆಳಗೂ ಕೆಂಪು ಗೆರೆ ಬೀಳುತ್ತದೆ. ಮೊದಲ ಸಲ ಪುಟ ತುಂಬ ಗೆರೆಗಳೇ. ಮರುವಾರ ಅದೇ ವಾರ್ಡಿಗೆ ಮತ್ತೆ ಕಳಿಸುತ್ತಾರೆ.